ನೆಲಮಾಳಿಗೆಗೆ ಎರಡು ನಕ್ಷೆ

ಮಾರ್ಲಿಸ್ ತನ್ನ ಅಕ್ಕ ಆರ್ಡಿಸ್‌ಳನ್ನು ತನ್ನ ಮನೆಯಲ್ಲೇ ಬಂದಿರು ಎಂದು ಎರಡು ಸಲ ಕರೆದಿದ್ದಳು. ಮೂರನೆಯ ಸಲ ಕರೆದಿರಲಿಲ್ಲ. ಬೇರೆ ಕಡೆಯವರಿಗೆ ಇದರಲ್ಲಿ ತಪ್ಪೇನೂ ಕಾಣಿಸಲಿಕ್ಕಿಲ್ಲ. ಎರಡು ಸಲವೂ ಬೇಡ ಎಂದವಳನ್ನು ಇನ್ನೆಷ್ಟು ಸಲ ಕರೆಯಬೇಕು, ಕಾಲಿಗೆ ಬೀಳಬೇಕೇ ಎಂದಾರು. ಆದರೆ ಪಶ್ಚಿಮ ಮಿನೆಸೋಟದ ನಮ್ಮ ಹೆಲ್ವಿಕ್ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತು ಕೇಳಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ.

ನಮ್ಮಲ್ಲಿ ಮೊದಲ ಸಲಕ್ಕೇ ಹ್ಞೂಂ ಎನ್ನುವವರು ಎಳೆಮಕ್ಕಳು, ಇಲ್ಲವೇ ಹೊರರಾಜ್ಯದವರು. ಕಾಫಿ ಕೊಡಲೇ ಎಂದು ಕೇಳಿದರೆ ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ ಎನ್ನಬೇಕು. ಎರಡನೆಯ ಸಲ ಕೇಳಿದರೆ ಇಲ್ಲ, ಈಗಷ್ಟೇ ಕುಡಿದು ಬಂದೆ ಎನ್ನಬೇಕು, ಬೆಳಗಿನಿಂದ ಗಂಟಲು ಒಣಗಿದ್ದರೂ ಸರಿ. ಮೂರನೆಯ ಸಲ ಕೇಳಿದಾಗ, ಅಷ್ಟು ಹೇಳ್ತೀರಲ್ಲ, ಅರ್ಧ ಲೋಟ ಇರಲಿ ಎಂದು ಕೂತು ಎರಡು ಲೋಟ ಕುಡಿಯಬಹುದು. ಮೊದಲೆರಡು 'ಬೇಡ'ಗಳಿಗೆ ಅರ್ಥವಿಲ್ಲ, ಅವು ಬಾಗಿಲಲ್ಲಿ ಬೂಟು ಒರೆಸಿಕೊಂಡ ಹಾಗೆ. ಮೂರನೆಯ ಸಲ ಕೇಳದವನು ಕೊಡಲು ಮನಸ್ಸಿಲ್ಲದವನು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಆದರೂ ಯಾರು ಯಾರನ್ನು ಎಷ್ಟು ಸಲ ಕೇಳಿದರು ಎಂಬುದು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂರುವ ಹೆಂಗಸರಿಗೆ ಬಾಯಿಪಾಠ.

ಮಾರ್ಲಿಸ್‌ಗೆ ಇದು ತಿಳಿಯದೇ? ಚೆನ್ನಾಗಿ ತಿಳಿದಿತ್ತು. ತಿಳಿದೇ ಎರಡಕ್ಕೆ ನಿಲ್ಲಿಸಿದ್ದಳು.

ಆರ್ಡಿಸ್‌ಗೆ ಎಪ್ಪತ್ಮೂರು ವರ್ಷ, ಮಾರ್ಲಿಸ್‌ಗಿಂತ ಏಳು ವರ್ಷ ದೊಡ್ಡವಳು. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಇಪ್ಪತ್ತು ಮೈಲಿ ಆಚೆಯ ಊರಿನಲ್ಲಿ, ಮರದ ಡಿಪೋದ ಕೌಂಟರಿನಲ್ಲಿ ಮೂವತ್ತೆಂಟು ವರ್ಷ ನಿಂತವಳು. ಮನೆ ಕಟ್ಟಲು ಹೊರಟವನ ಮುಖ ನೋಡಿಯೇ ಅವನಿಗೆ ಎಷ್ಟು ಮರ ಬೇಕಾಗುತ್ತದೆ, ಎಷ್ಟು ಸಾಲದೆ ಬರುತ್ತದೆ, ಎಲ್ಲಿ ಹೆಂಡತಿಯ ಹತ್ತಿರ ಬೈಸಿಕೊಳ್ಳುತ್ತಾನೆ ಎಂದು ಹೇಳುತ್ತಿದ್ದಳು. ಅಲ್ಲೇ ಒಂದು ಅಂಗಡಿಯ ಮಹಡಿಯ ಮೇಲೆ ಬಾಡಿಗೆಗಿದ್ದಳು. ಈ ವರ್ಷ ಕಟ್ಟಡದ ಯಜಮಾನ ಅದನ್ನು ಮಾರಿಬಿಟ್ಟ. ಜೂನ್ ಕೊನೆಯ ಒಳಗೆ ಖಾಲಿ ಮಾಡಬೇಕು.

ಮಾರ್ಚ್‌ನಲ್ಲಿ ಸುದ್ದಿ ಬಂದ ದಿನವೇ ಮಾರ್ಲಿಸ್ ಕರೆದಳು. ಬೇಸ್‌ಮೆಂಟ್ ಹೇಗೂ ಸರಿಮಾಡಿಸುತ್ತಿದ್ದೇವೆ, ಅದರಲ್ಲೇ ನಿನಗೊಂದು ರೂಮು ಹಾಕಿಸೋಣ ಎಂದಳು. ಆರ್ಡಿಸ್ ಅಯ್ಯೋ ಬೇಡ ಕಣೇ, ನಿಮಗ್ಯಾಕೆ ತೊಂದರೆ ಎಂದಳು. ಏಪ್ರಿಲ್ ಮೊದಲ ವಾರ ಮಾರ್ಲಿಸ್ ಫೋನಿನಲ್ಲಿ ಮತ್ತೆ ಕೇಳಿದಳು. ಆರ್ಡಿಸ್ ನಾನು ಹೇಗೋ ನೋಡಿಕೊಳ್ಳುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದಳು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿ, ಹಿರಿಯರು ನಡೆದ ಹಾದಿಯಲ್ಲೇ ನಡೆದಿತ್ತು.

ಆಮೇಲೆ ಮಾರ್ಲಿಸ್ ನಕ್ಷೆ ಬರೆಯಲು ಕೂತಳು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನೆಲಮಾಳಿಗೆ ಮುಗಿಸಿ ನೋಡು ಎಂದು ಸೇರಿಸಲು ಯಾಕೋ ಮರೆತಿದ್ದಾರೆ. ನಮ್ಮ ಕಡೆ ಮನೆ ಕೊಂಡಾಗ ಕೆಳಗಿನದು ಬರೀ ಕಾಂಕ್ರೀಟು ಗೋಡೆ, ಕಾಂಕ್ರೀಟು ನೆಲ, ತಲೆಯ ಮೇಲೆ ತೊಲೆ, ಎರಡು ಬಲ್ಬು. ಬಟ್ಟೆ ಒಗೆಯುವ ಯಂತ್ರ, ಜಿಂಕೆ ಮಾಂಸದ ಫ್ರೀಜರು, ಉಪ್ಪಿನಲ್ಲಿಟ್ಟ ಸೌತೆಕಾಯಿ ಜಾಡಿಗಳು ಅಲ್ಲಿರುತ್ತವೆ. ಮುಂದಿನ ಚಳಿಗಾಲದಲ್ಲಿ ಇದನ್ನು ಮುಗಿಸೋಣ ಎಂದು ಗಂಡಸರು ಹೇಳುತ್ತಾರೆ. ಮಾರ್ಲಿಸ್‌ಳ ಗಂಡ ಓರಿನ್ ಮೂವತ್ತೊಂದು ಚಳಿಗಾಲ ಹಾಗೆಂದಿದ್ದ. ಶಾಲಾ ಬಸ್ಸುಗಳ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಅವನು ಒಳ್ಳೆಯ ಕೆಲಸಗಾರ, ಮಾತು ಮಾತ್ರ ತೂಕ ಹಾಕಿ ಕೊಡುತ್ತಿದ್ದ. ನಿವೃತ್ತನಾದ ಮೇಲೆ ಹೇಳಲು ನೆಪ ಉಳಿಯಲಿಲ್ಲ.

ಆ ಮೂವತ್ತೊಂದು ವರ್ಷವೂ ಮಾರ್ಲಿಸ್ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿ, ಮನೆಗೆ ಬಂದು ಊಟದ ಮೇಜಿನ ಮೇಲೆ ಕೌದಿ ಹೊಲಿದಳು. ತುಂಡುಗಳನ್ನೆಲ್ಲ ಹರಡಿ ಬಣ್ಣಕ್ಕೆ ಬಣ್ಣ ಹೊಂದಿಸುವಷ್ಟರಲ್ಲಿ ಐದೂವರೆ ಆಗುತ್ತಿತ್ತು. ಓರಿನ್‌ಗೆ ಊಟ ಬೇಕು. ಎಲ್ಲವನ್ನೂ ಮಡಚಿ ಡಬ್ಬಕ್ಕೆ ತುಂಬಬೇಕು, ಮರುದಿನ ಮತ್ತೆ ಹರಡಬೇಕು. ಒಂದು ಕೌದಿಗೆ ಎಷ್ಟು ಸಲ ಹಾಗೆ ಮಡಚಿದ್ದಾಳೋ ದೇವರೇ ಬಲ್ಲ. ಒಂಬತ್ತಡಿ ಉದ್ದದ ಮೇಜು, ಅದರ ಮೇಲೆ ಹಗಲಿನಂಥ ಬೆಳಕು, ಹರಡಿದ್ದು ಹರಡಿದ ಹಾಗೇ ಇರುವ ಒಂದು ಕೋಣೆ. ಅವಳು ಜೀವನದಲ್ಲಿ ತನಗೆಂದು ಬಯಸಿದ್ದು ಇಷ್ಟೇ. ಅದಕ್ಕಾಗಿ ಇಪ್ಪತ್ತೊಂದು ಸಾವಿರ ಡಾಲರ್ ಕೂಡಿಟ್ಟಿದ್ದಳು.

ಮೊದಲು ಬರೆದದ್ದು ಆರ್ಡಿಸ್‌ಳ ಕೋಣೆ ಇರುವ ನಕ್ಷೆ. ನೆಲದಡಿ ಮಲಗುವ ಕೋಣೆ ಎಂದರೆ ಬೆಂಕಿ ಬಿದ್ದಾಗ ಮನುಷ್ಯ ಹತ್ತಿ ಹೊರಬೀಳುವಷ್ಟು ದೊಡ್ಡ ಕಿಟಕಿ ಇರಲೇಬೇಕು, ಕಾನೂನು ಹಾಗಿದೆ. ಕಾಂಕ್ರೀಟು ಗೋಡೆ ಕೊಯ್ದು, ಹೊರಗೆ ಮಣ್ಣು ತೋಡಿ ಕಿಟಕಿ ಕೂರಿಸಲು ಐದು ಸಾವಿರದ ಇನ್ನೂರು. ಬಚ್ಚಲು ಕೂಡ ಕೆಳಗೇ ಬೇಕು. ಆರ್ಡಿಸ್‌ಳ ಮಂಡಿ ಗಟ್ಟಿ, ಮಹಡಿ ಹತ್ತಿಯೇ ಬದುಕಿದವಳು, ಮೆಟ್ಟಿಲಿನ ಚಿಂತೆ ಇರಲಿಲ್ಲ. ಆದರೆ ಇನ್ನೊಬ್ಬರ ಬಚ್ಚಲ ಬಾಗಿಲು ತಟ್ಟುವುದಕ್ಕಿಂತ ಅವಳು ಪ್ರಾಣ ಬಿಟ್ಟಾಳು. ನೆಲ ಒಡೆದು ಕೊಳವೆ ಹಾಕಿಸಲು ಆರು ಸಾವಿರದ ಎಂಟುನೂರು. ಮರ, ಜಿಪ್ಸಮ್ ಹಲಗೆ, ವೈರಿಂಗು, ನೆಲಹಾಸು ಸೇರಿ ಎಂಟು ಸಾವಿರ. ಕೂಡಿದರೆ ಕೈಯಲ್ಲಿ ಉಳಿಯುವುದು ಒಂದೇ ಸಾವಿರ. ಹೊಲಿಗೆಗೆ ಉಳಿಯುವ ಜಾಗ ಮನೆ ಬೆಚ್ಚಗಿಡುವ ಬಿಸಿಗಾಳಿಯ ಯಂತ್ರದ ಪಕ್ಕದ ಮೂಲೆ. ಮೇಜು ಐದಡಿ ದಾಟುವಂತಿಲ್ಲ.

ಮೇಲಿನ ಕೋಣೆ ಕೊಡಬಹುದಲ್ಲ ಎಂದರೆ, ಮೇಲಿರುವುದು ಎರಡೇ. ಓರಿನ್‌ನ ಗೊರಕೆಯ ದೆಸೆಯಿಂದ ಒಂದು ಅವನಿಗೆ, ಒಂದು ಅವಳಿಗೆ. ಆ ಗೊರಕೆಯನ್ನು ಒಮ್ಮೆ ಕೇಳಿದವರು ಈ ಪ್ರಶ್ನೆ ಎತ್ತುವುದಿಲ್ಲ.

ಕಾಗದದ ಮೇಲೆ ಬರೆದದ್ದನ್ನು ನೆಲದ ಮೇಲೆ ಹಾಕಿ ನೋಡದೆ ಕೆಲಸ ಶುರುಮಾಡಬಾರದು ಎಂದು ಆರ್ಡಿಸ್‌ಳೇ ಎಂದೋ ಕಲಿಸಿದ್ದಳು. ಅದರಂತೆ ಮಾರ್ಲಿಸ್ ನೀಲಿ ಟೇಪು ತಂದು ಗೋಡೆಗಳು ಬರುವ ಜಾಗವನ್ನೆಲ್ಲ ನೆಲದ ಮೇಲೆ ಅಂಟಿಸಿದಳು. ಆರ್ಡಿಸ್‌ಳ ಕೋಣೆ, ಅದರೊಳಗೆ ಮಂಚದ ಜಾಗ, ಬಚ್ಚಲು, ಮೂಲೆಯಲ್ಲಿ ತನ್ನ ಮೇಜು. ವಾರವಿಡೀ ಬಟ್ಟೆ ಒಗೆಯಲು ಇಳಿದಾಗಲೆಲ್ಲ ಆ ಗೆರೆಗಳ ನಡುವೆ ನಡೆದಳು. ತನ್ನ ಮೂಲೆಯಲ್ಲಿ ನಿಂತು ಎರಡೂ ಕೈ ಚಾಚಿದರೆ ಗೋಡೆ ಬರುವ ಗೆರೆ ಮುಟ್ಟುತ್ತಿತ್ತು. ಏಪ್ರಿಲ್ ಎರಡನೆಯ ವಾರ, ಒಂದು ಮಂಗಳವಾರ, ಮಂಡಿಯೂರಿ ಕೂತು ಟೇಪನ್ನೆಲ್ಲ ಕಿತ್ತು ಉಂಡೆ ಮಾಡಿ ಕಸದ ಡಬ್ಬಕ್ಕೆ ಹಾಕಿದಳು. ಅರ್ಧ ಗಂಟೆಯಲ್ಲಿ ಹೊಸ ಟೇಪು ಬಿತ್ತು. ಒಂದೇ ಉದ್ದ ಕೋಣೆ, ನಡುವೆ ಒಂಬತ್ತಡಿ ಮೇಜು. ಖರ್ಚು ಹನ್ನೆರಡು ಸಾವಿರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ತನಗೆ ತಾನೇ ಹೇಳಿಕೊಂಡು, ಅಕ್ಕನ ಹಾಸಿಗೆಯನ್ನೇ ನಕ್ಷೆಯಿಂದ ತೆಗೆದುಬಿಟ್ಟಳು.

ಎರಡು ಸಲ ಕೇಳಿದ್ದೇನೆ, ಎರಡು ಸಲವೂ ಬೇಡ ಅಂದಿದ್ದಾಳೆ, ಅವಳೇನು ಚಿಕ್ಕ ಹುಡುಗಿಯೇ ಎಂದು ಪಾತ್ರೆ ತೊಳೆಯುವಾಗ ಅಂದುಕೊಂಡಳು. ಬೇಕಿದ್ದರೆ ಬೇಕು ಅನ್ನಬೇಕಪ್ಪ. ಕಿಟಕಿಯಾಚೆ ನೋಡುತ್ತ ಇದನ್ನೇ ಹೊರರಾಜ್ಯದವಳಂತೆ ಹತ್ತು ಸಲ ಅಂದುಕೊಂಡಳು.

ಓರಿನ್ ಹೊಸ ಟೇಪು ನೋಡಿದ. ನೋಡಿ ಮೇಲೆ ಬಂದು ಊಟಕ್ಕೆ ಕೂತ. ಆಲೂಗಡ್ಡೆ, ಮಾಂಸ ಸೇರಿಸಿ ಒಲೆಯಲ್ಲಿ ಬೇಯಿಸಿದ ಹಾಟ್‌ಡಿಶ್ ಅರ್ಧ ತಿಂದ ಮೇಲೆ ಬಾಯಿ ಬಿಟ್ಟ.

"ಎರಡಾಯ್ತಲ್ಲ," ಎಂದ.

"ಏನು ಎರಡು?"

"ಏನಿಲ್ಲ. ಉಪ್ಪು ಕೊಡು."

ಉಪ್ಪು ಕೊಟ್ಟಳು. ಅವತ್ತಿನ ಮಾತು ಅಲ್ಲಿಗೆ ಮುಗಿಯಿತು.

ಮೇ ಮೊದಲಿಗೆ ಕಾಂಕ್ರೀಟು ಕೊಯ್ಯುವ ಡ್ವೇನ್ ಬಂದ. ಕಿಟಕಿಗೆಂದು ಮಾರ್ಚ್‌ನಲ್ಲಿ ಅವನಿಗೆ ಹೇಳಿಟ್ಟಿದ್ದರು. ಗೋಡೆ ತಟ್ಟಿ ನೋಡಿದ, ಪೂರ್ವದ ಕಡೆ ಚೆನ್ನಾಗಿದೆ, ಬೆಳಗಿನ ಬಿಸಿಲು ಬರುತ್ತದೆ ಎಂದ. ಮಾರ್ಲಿಸ್ ಕಿಟಕಿ ಬೇಡವಾಗಿದೆ, ಮಲಗುವ ಕೋಣೆ ಇಲ್ಲ ಎಂದಳು. ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಸರಿಯಾಗಿ ಯೋಚನೆ ಮಾಡಿಕೊಳ್ಳಿ, ಮರದ ಚೌಕಟ್ಟು ಎದ್ದ ಮೇಲೆ ಬೇಕು ಅಂದರೆ ಕಟ್ಟಿದ್ದನ್ನು ಬಿಚ್ಚಬೇಕಾಗುತ್ತದೆ ಎಂದ. ಆಮೇಲೆ ಹಾಗೇ ಸುಮ್ಮನೆ, "ಆರ್ಡಿಸ್ ಬರ್ತಾರೆ ಅಂತ ಕೇಳಿದ್ದೆ," ಎಂದ.

"ಅವಳಿಗೆ ಇಷ್ಟ ಇಲ್ಲ," ಎಂದಳು ಮಾರ್ಲಿಸ್.

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಸುಳ್ಳು ಎಂದು ಅವಳಿಗೇ ಕೇಳಿಸಿತು. ಡ್ವೇನ್‌ಗೆ ಮೂರು ಸಲ ಕಾಫಿ ಬೇಕೇ ಎಂದು ಕೇಳಿ, ಎರಡು ಲೋಟ ಕುಡಿಸಿ, ತಿಂಡಿ ಕಟ್ಟಿಕೊಟ್ಟು ಕಳಿಸಿದಳು.

ಅದಾಗಿ ಹತ್ತು ದಿನಕ್ಕೆ ಆರ್ಡಿಸ್ ರೂಬಾರ್ಬ್ ಎಂಬ ಹುಳಿದಂಟು ಹಾಕಿದ ಸಿಹಿ ತುಂಡುಗಳನ್ನು ಒಂದು ತಟ್ಟೆ ಮಾಡಿಕೊಂಡು ಕಾರು ಓಡಿಸಿಕೊಂಡು ಬಂದಳು. ನಕ್ಷೆ ನೋಡಬೇಕೆಂದಳು. ಮೂವತ್ತೆಂಟು ವರ್ಷ ಪರರ ನಕ್ಷೆ ನೋಡಿದವಳಿಗೆ ತಂಗಿಯ ನಕ್ಷೆ ನೋಡದಿರಲು ಆಗುತ್ತದೆಯೇ. ಕೆಳಗಿಳಿದು ಟೇಪಿನ ಹತ್ತಿರ ನಿಂತಳು. ನಾವು ನೀವಾದರೆ ದಾಟಿಕೊಂಡು ಹೋಗುತ್ತೇವೆ. ಆರ್ಡಿಸ್ ಹಾಗಲ್ಲ, ಟೇಪಿನಲ್ಲಿ ಬಾಗಿಲಿಗೆಂದು ಬಿಟ್ಟ ಸಂದಿನವರೆಗೆ ಸುತ್ತಿ ನಡೆದು ಅಲ್ಲಿಂದ ಒಳಗೆ ಹೋದಳು. ಹೋಗಿ ನಿಂತವಳು ಕೆಳಗೆ ನೋಡಿದಳು.

ಟೇಪು ಕಿತ್ತಾಗ ಕಾಂಕ್ರೀಟಿನ ಧೂಳು ಟೇಪಿನೊಂದಿಗೆ ಎದ್ದು ಬಂದಿತ್ತು. ಹಳೆಯ ಗೆರೆಗಳೆಲ್ಲ ಬಿಳಿಚಿಕೊಂಡು ಬಿದ್ದಿದ್ದವು. ಹತ್ತಡಿಗೆ ಹನ್ನೊಂದಡಿಯ ಒಂದು ಕೋಣೆ, ಅದಕ್ಕೊಂದು ಬಾಗಿಲು, ಬಚ್ಚಲು, ಗೋಡೆಯ ಪಕ್ಕ ಒಬ್ಬರೇ ಮಲಗುವ ಮಂಚದಷ್ಟು ಉದ್ದ ಅಗಲ. ನಕ್ಷೆ ಓದಲು ಬಾರದವನಿಗೂ ಅದು ಏನೆಂದು ತಿಳಿಯುತ್ತಿತ್ತು. ಮಾರ್ಲಿಸ್‌ಗೆ ಒರೆಸಿಬಿಡಬೇಕು ಎಂಬ ಬುದ್ಧಿ ಆ ದಿನದವರೆಗೂ ಬಂದಿರಲಿಲ್ಲ.

"ಇಲ್ಲಿ ಬೇರೆ ಏನೋ ಇತ್ತು," ಎಂದಳು ಆರ್ಡಿಸ್.

"ಹಳೇ ಪ್ಲಾನು. ದುಡ್ಡು ಜಾಸ್ತಿ ಆಗ್ತಿತ್ತು."

ಆರ್ಡಿಸ್ ಸ್ವಲ್ಪ ಹೊತ್ತು ಪೂರ್ವದ ಗೋಡೆ ನೋಡಿದಳು. "ಕಿಟಕಿ ಬಿಟ್ಟಿದ್ದು ಒಳ್ಳೇದಾಯ್ತು," ಎಂದಳು. "ಐದು ಸಾವಿರ ಉಳೀತು."

ಅಷ್ಟು ಹೇಳಿ ಮೇಲೆ ಬಂದು, ಕನ್ನಡಕ ಹಾಕಿಕೊಂಡು, ತಂಗಿಯ ಲೆಕ್ಕದ ಪುಸ್ತಕ ಎಳೆದುಕೊಂಡಳು. ಎರಡು ಗಂಟೆ ಕೂತಳು. ನೆಲಕ್ಕೆ ತಾಗುವ ತಳದ ಮರ ಮಾತ್ರ ಕೊಳೆಯದ ಹಾಗೆ ಮದ್ದು ಹಾಕಿದ್ದು ಸಾಕು, ಎಲ್ಲಕ್ಕೂ ಅದನ್ನೇ ಬರೆದಿದ್ದೀಯಲ್ಲ ಎಂದು ನಾನೂರು ಉಳಿಸಿಕೊಟ್ಟಳು. ಕರಗಿದ ಹಿಮ ನೆಲದಿಂದ ಇಳಿದು ಮುಗಿದ ಮೇಲೇ ಜಿಪ್ಸಮ್ ಹಲಗೆ ತರಿಸು, ಅದಕ್ಕೂ ಮುಂಚೆ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮೂರು ದಿನ ಬಿಟ್ಟು ಕೆಳಗೆ ಪಸೆ ಕೂತಿದೆಯಾ ನೋಡು ಎಂದಳು. ಏನೇ ಮಾಡು, ಐದರಲ್ಲಿ ಒಂದು ಪಾಲು ಕಾಣದ ಖರ್ಚಿಗೆ ಎತ್ತಿಡು, ಗೋಡೆಯ ಹಿಂದೆ ಏನಿದೆಯೋ ಯಾರು ಕಂಡಿದ್ದಾರೆ ಎಂದಳು. ಮೇಜಿನ ಮೇಲಿನ ದೀಪ ನಾಲ್ಕಲ್ಲ, ಆರು ಹಾಕಿಸು, ಈ ವಯಸ್ಸಿಗೆ ಕಪ್ಪು ದಾರ ಕಾಣಿಸಲ್ಲ ಎಂದು ತಾನೇ ಎರಡು ದೀಪ ಸೇರಿಸಿ ಬರೆದಳು. ತನ್ನ ವಿಷಯ ಒಂದಕ್ಷರ ಎತ್ತಲಿಲ್ಲ. ಹೊರಡುವಾಗ ಮಾತ್ರ, ಕಾರಿನ ಬಾಗಿಲು ಹಿಡಿದುಕೊಂಡು, ನಲವತ್ತು ಮೈಲಿ ದೂರದಲ್ಲಿ ವಯಸ್ಸಾದವರಿಗೆಂದು ಕಟ್ಟಿದ ಮನೆಗಳಲ್ಲಿ ಒಂದು ಖಾಲಿಯಿದೆಯಂತೆ, ಜೂನ್ ಹತ್ತರೊಳಗೆ ಕಾಗದ ಕಳಿಸಬೇಕಂತೆ ಎಂದಳು. ಚೆನ್ನಾಗಿದೆಯಂತೆ. ರಾತ್ರಿ ಊಟವನ್ನು ಸಂಜೆ ನಾಲ್ಕೂವರೆಗೇ ಕೊಡುತ್ತಾರಂತೆ.

ಮೂರನೆಯದನ್ನು ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಬೇಕಿರಲಿಲ್ಲ. ಕಾರಿನ ಬಾಗಿಲು ತೆರೆದೇ ಇತ್ತು, ಆರ್ಡಿಸ್ ಅಗತ್ಯಕ್ಕಿಂತ ಎರಡು ನಿಮಿಷ ಹೆಚ್ಚೇ ನಿಂತಿದ್ದಳು. ಮಾರ್ಲಿಸ್ ತಟ್ಟೆ ತೊಳೆದು ಭಾನುವಾರ ಚರ್ಚಿಗೆ ತರುತ್ತೇನೆ ಎಂದಳು.

ಓರಿನ್ ಚೌಕಟ್ಟು ಎಬ್ಬಿಸಲು ಶುರುಮಾಡಿದ. ಹನ್ನೊಂದು ದಿನ ಕೆಳಗಿನಿಂದ ಸುತ್ತಿಗೆ ಸದ್ದು ಬಂತು. ಹದಿನಾರು ಅಂಗುಲಕ್ಕೊಂದು ಮರ, ನೆಟ್ಟಗೆ, ಕೂದಲೆಳೆ ಆಚೀಚೆ ಇಲ್ಲ. ಕೋಣೆ ಮೇಲೇಳುವುದನ್ನು ನೋಡಿ ಮಾರ್ಲಿಸ್‌ಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೂವತ್ತೊಂದು ವರ್ಷ ಕಾದದ್ದು ಬಂದಾಗ ಹೀಗೂ ಇರುತ್ತದೆಯೇ ಎಂದು ಅವಳಿಗೆ ಸಿಟ್ಟೇ ಬಂತು. ಆ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ ಓರಿನ್‌ನ ಬೂಟಿನ ಧೂಳಿನ ಮೇಲೆ ಹಾಕಿದಳು.

ಭಾನುವಾರ ಪೂಜೆ ಮುಗಿದ ಮೇಲೆ ಕಾಫಿಗೆ ನಿಂತಾಗ, ಹಿಂದಿನ ಬೆಂಚಿನವರೊಬ್ಬರು ಆರ್ಡಿಸ್ ಎಲ್ಲಿಗೆ ಹೋಗುತ್ತಾರಂತೆ ಎಂದು ಕೇಳಿದರು. ಬರೀ ಕೇಳಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮಾರ್ಲಿಸ್ ಉತ್ತರವಾಗಿ, ನಾನು ಕರೆದೆ, ಅವಳೇ ಬೇಡ ಅಂದಳು ಎಂದುಬಿಟ್ಟಳು. ಆಕೆ ಹೌದೇ ಎಂದರು. ಎಷ್ಟು ಸಲ ಎಂದು ಕೇಳಲಿಲ್ಲ. ಸಕ್ಕರೆ ಹಾಕದ ಕಾಫಿಯನ್ನು ಚಮಚದಲ್ಲಿ ಕಲಕುತ್ತ ನಿಂತರು.

ಜೂನ್ ಎಂಟಕ್ಕೆ ಜಿಪ್ಸಮ್ ಹಲಗೆಗಳು ಬರುವುದಿತ್ತು. ಲಾರಿಯವರು ಅಂಚು ಮುರಿದದ್ದನ್ನು ನಡುವೆ ಸೇರಿಸಿ ಇಳಿಸಿ ಹೋಗುತ್ತಾರೆ, ನಾನು ಬಂದು ನಿಲ್ಲುತ್ತೇನೆ ಎಂದು ಆರ್ಡಿಸ್ ಫೋನ್ ಮಾಡಿದಳು. ಬಂದು ನಿಂತಳು. ಅವಳನ್ನು ಕಂಡ ಲಾರಿಯವನು ಮೂರು ಹಲಗೆಗಳನ್ನು ಮಾತಿಲ್ಲದೆ ವಾಪಸು ಏರಿಸಿಕೊಂಡ. ಸಂಜೆ ನಾಲ್ಕೂಮುಕ್ಕಾಲಿಗೆ ಪಶ್ಚಿಮದ ಆಕಾಶ ಹಸಿರಿಗೆ ತಿರುಗಿತು. ಐದಕ್ಕೆ ಊರಿನ ಸೈರನ್ ಕೂಗಿತು.

ಸುಂಟರಗಾಳಿಯ ಸೈರನ್ ಕೂಗಿದರೆ ನಮ್ಮಲ್ಲಿ ಹೆಂಗಸರು ನೆಲಮಾಳಿಗೆಗೆ ಇಳಿಯುತ್ತಾರೆ, ಗಂಡಸರು ಅಂಗಳಕ್ಕೆ ಹೋಗಿ ಎದೆಯ ಮೇಲೆ ಕೈಕಟ್ಟಿ ಆಕಾಶ ನೋಡುತ್ತಾರೆ. ಗಾಳಿ ತಮ್ಮನ್ನು ಕಂಡು ಹೆದರಿ ಬೇರೆ ಕಡೆ ಹೋಗಲಿ ಎಂದೋ ಏನೋ. ಓರಿನ್ ಅಂಗಳಕ್ಕೆ ಹೋದ. ಅಕ್ಕತಂಗಿಯರು ಕೆಳಗಿಳಿದು, ಬಣ್ಣದ ಎರಡು ಖಾಲಿ ಡಬ್ಬಗಳನ್ನು ಬೋರಲು ಹಾಕಿ, ಇನ್ನೂ ಹಲಗೆ ಹೊದಿಸದ ಮರದ ಚೌಕಟ್ಟಿನ ನಡುವೆ ಕೂತರು. ಮೇಲೆ ಮಳೆ ಶುರುವಾಯಿತು. ಆರ್ಡಿಸ್ ಚೌಕಟ್ಟು ನೋಡಿ, ಓರಿನ್ ಕೈ ಇನ್ನೂ ನೆಟ್ಟಗಿದೆ, ಮೇಜು ಚೆನ್ನಾಗಿ ಕೂರುತ್ತದೆ ಎಂದಳು.

ಆರ್ಡಿಸ್ ಆ ಕಾಗದ ಕಳಿಸಲು ಎರಡೇ ದಿನ ಉಳಿದಿತ್ತು. ಮಾರ್ಲಿಸ್‌ಗೆ ಇನ್ನು ತಡೆಯಲಾಗಲಿಲ್ಲ.

"ಆರ್ಡಿಸ್, ನೀನು ಇಲ್ಲಿಗೇ ಬಂದುಬಿಡು," ಎಂದಳು.

ಮೂರನೆಯದು ಅದು. ಆರ್ಡಿಸ್‌ಳ ಬಾಯಲ್ಲಿ ಈಗ ಬರಬೇಕಾದದ್ದು, ಅಷ್ಟು ಹೇಳ್ತೀಯಲ್ಲ, ಸರಿ ಎಂಬ ಮಾತು. ಆದರೆ ಅವಳು ತಂಗಿಯ ಮುಖವನ್ನು, ಡಿಪೋದಲ್ಲಿ ಗಿರಾಕಿಯ ಮುಖ ನೋಡುತ್ತಿದ್ದ ಹಾಗೆ, ಒಂದು ಸಲ ನೋಡಿದಳು.

"ಬೇಡ," ಎಂದಳು.

'ನಿಮಗ್ಯಾಕೆ ತೊಂದರೆ' ಎಂಬುದಿಲ್ಲ, 'ನಾನು ನೋಡಿಕೊಳ್ಳುತ್ತೇನೆ' ಎಂಬುದಿಲ್ಲ. ಬರೀ ಬೇಡ. ಮೂರು ಸಲ ಕೇಳಿಯಾಯಿತು, ಮೂರನೆಯದಕ್ಕೂ ಬೇಡ ಬಂತು. ಇನ್ನು ಹೆಲ್ವಿಕ್ಕಿನಲ್ಲಿ ಯಾರೂ, ಹಿಂದಿನ ಬೆಂಚಿನವರು ಕೂಡ, ಅವಳ ಕಡೆ ಬೆರಳು ತೋರಿಸುವಂತಿಲ್ಲ. ಕೋಣೆ ಅವಳದೇ. ಮಾರ್ಲಿಸ್‌ಗೆ ಉಸಿರು ಹಗುರವಾಯಿತು. ನಿಜವಾಗಿಯೂ ಹಗುರವಾಯಿತು, ಅದನ್ನು ಮುಚ್ಚಿಡುವುದೇನು. ಮರುಗಳಿಗೆ, ಆ ಹಗುರವಾದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆ ಬಂತು. ಅಕ್ಕನನ್ನು ನಲವತ್ತು ಮೈಲಿ ದೂರ ತಳ್ಳಿ, ಇಲ್ಲಿ ಆರು ದೀಪದ ಕೆಳಗೆ ಕೂತು ಯಾರಿಗಾಗಿ ಕೌದಿ ಹೊಲಿಯುವುದು?

ನಾಲ್ಕನೆಯ ಸಲ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೆ ಯಾವ ಮಾತು ಆಡಬೇಕು, ಎದುರಿನವರು ಏನೆನ್ನಬೇಕು, ಯಾರಿಗೂ ಗೊತ್ತಿಲ್ಲ.

"ನಾನು ಬೇಕಂತಲೇ ಕೇಳ್ಲಿಲ್ಲ," ಎಂದಳು ಮಾರ್ಲಿಸ್. "ಈ ರೂಮು ನನಗೇ ಬೇಕಾಗಿತ್ತು. ನಿನ್ನ ಮಂಚ ಇದ್ದ ಜಾಗದ ಟೇಪು ನಾನೇ ಕಿತ್ತೆ. ದುಡ್ಡಿಗಲ್ಲ ಅದು. ದುಡ್ಡು ಸಾಲ್ತಿತ್ತು."

"ಗೊತ್ತು," ಎಂದಳು ಆರ್ಡಿಸ್. "ನೋಡಿದ್ನಲ್ಲ."

"ಈಗ ಕೇಳ್ತಿದೀನಿ. ಮರ್ಯಾದೆಗಲ್ಲ. ಆರ್ಡಿಸ್, ನನಗೆ ನೀನು ಇಲ್ಲಿರಬೇಕು."

ಮೇಲೆ ಆಲಿಕಲ್ಲು ಬೀಳುವ ಸದ್ದು ಕೇಳಿತು. ಅಂಗಳದಲ್ಲಿ ನಿಂತ ಓರಿನ್ ತಲೆಯ ಮೇಲೆ ಏನಾದರೂ ಹಿಡಿದುಕೊಂಡಿದ್ದಾನೋ ಇಲ್ಲವೋ ಎಂದು ಬೇರೆ ದಿನವಾದರೆ ಮಾರ್ಲಿಸ್ ಯೋಚಿಸುತ್ತಿದ್ದಳು. ಆರ್ಡಿಸ್ ತನ್ನ ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದಳು.

"ಆ ಕಾಗದಕ್ಕೆ ಸ್ಟಾಂಪು ಹಚ್ಚಿ ಮೂರು ವಾರ ಆಯ್ತು," ಎಂದಳು ಆರ್ಡಿಸ್. "ದಿನಾ ಪೋಸ್ಟ್ ಆಫೀಸ್ ತನಕ ಹೋಗ್ತೀನಿ, ವಾಪಸ್ ಬರ್ತೀನಿ. ನೀನು ಕೇಳ್ತೀಯ ಅಂತ ಏಪ್ರಿಲ್‌ನಿಂದ ಫೋನ್ ಪಕ್ಕಾನೇ ಕೂತಿದ್ದೆ ಕಣೇ. ನಿನ್ನ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗುತ್ತೆ. ನನಗೆ ಅಲ್ಲಿಗೆ ಹೋಗೋಕೆ ಇಷ್ಟ ಇಲ್ಲ. ಅಲ್ಲಿ ನನಗೆ ಯಾರೂ ಗೊತ್ತಿಲ್ಲ. ನನಗೆ ಹೆದರಿಕೆ ಆಗುತ್ತೆ, ಮಾರ್ಲಿಸ್."

ಎಪ್ಪತ್ಮೂರು ವರ್ಷ ತನಗೆ ಏನು ಬೇಕೆಂದು ಬಾಯಿ ಬಿಟ್ಟು ಹೇಳದವಳು ಅವಳು. ಮಾರ್ಲಿಸ್ ಡಬ್ಬವನ್ನು ಎಳೆದುಕೊಂಡು ಹತ್ತಿರ ಸರಿದು ಅಕ್ಕನ ಕೈ ಹಿಡಿದುಕೊಂಡಳು. ಕ್ಷಮಿಸು ಎಂದಳು. ಆರ್ಡಿಸ್ ಕ್ಷಮಿಸಿದ್ದೇನೆ ಎನ್ನಲಿಲ್ಲ, ಕೈಯನ್ನೂ ಬಿಡಿಸಿಕೊಳ್ಳಲಿಲ್ಲ. ಬರ್ತೀನಿ ಎಂದಳು. ಇಬ್ಬರೂ ಸೈರನ್ ನಿಲ್ಲುವವರೆಗೆ ಹಾಗೇ ಕೂತಿದ್ದರು.

ಓರಿನ್ ಮೈಯೆಲ್ಲ ನೆನೆದುಕೊಂಡು ಮೆಟ್ಟಿಲಿಳಿದು ಬಂದ. ಗಾಳಿ ಉತ್ತರಕ್ಕೆ ಹೋಯಿತು, ಪಕ್ಕದ ಮನೆಯ ಶೆಡ್ಡಿನ ಚಾವಣಿ ಎದ್ದಿದೆ ಎಂದ. ಆಮೇಲೆ ಇಬ್ಬರ ಮುಖವನ್ನೂ ನೋಡಿ ಮತ್ತೆ ಮೇಲಕ್ಕೆ ಹೋಗಲು ತಿರುಗಿದ. ಮಾರ್ಲಿಸ್ ಅವನನ್ನು ನಿಲ್ಲಿಸಿ, ಡ್ವೇನ್‌ಗೆ ನಾಳೆ ಬೆಳಿಗ್ಗೆ ಫೋನ್ ಮಾಡಬೇಕು, ಪೂರ್ವದ ಕಡೆಯದನ್ನೆಲ್ಲ ಬಿಚ್ಚಬೇಕು ಎಂದಳು. ಹನ್ನೊಂದು ದಿನ ದುಡಿದು ಎಬ್ಬಿಸಿದ್ದು ಅದು. ಓರಿನ್ ಮುಖದ ನೀರು ಒರೆಸಿಕೊಂಡು, ಸುತ್ತಿಗೆ ತೆಗೆದುಕೊಂಡು, ಮೊದಲ ಮರದ ಬುಡಕ್ಕೆ ಅದರ ಹಿಂದಿನ ಮೊಳೆ ಕೀಳುವ ಉಗುರು ಸಿಕ್ಕಿಸಿದ.

"ಹಾಗೆ ಎಳೀಬೇಡ ಓರಿನ್, ಸೀಳು ಬಿಡುತ್ತೆ," ಎಂದಳು ಆರ್ಡಿಸ್, ಡಬ್ಬದ ಮೇಲಿಂದ ಎದ್ದು. "ಆ ಮರ ನನ್ನ ರೂಮಿಗೆ ಬೇಕಾಗುತ್ತೆ."